ಕೌದಿಯ ಹೊಟ್ಟೆ

ಗಂಟು ಬಿಚ್ಚಲು ದೀಪಿಕಾ ಕೊನೆಗೆ ಹಲ್ಲನ್ನೇ ಹಚ್ಚಬೇಕಾಯಿತು. ಆದೆಪ್ಪ ಮಾಸ್ತರರು ಆ ಪ್ಲಾಸ್ಟಿಕ್ ಚೀಲದ ಬಾಯಿಗೆ ಸುತಳಿ ಸುತ್ತಿ, ಒಳಗಿರುವುದು ಕೌದಿಯಲ್ಲ, ಹಾವು ಎನ್ನುವಷ್ಟು ಬಿಗಿದಿಟ್ಟಿದ್ದರು. ವರಾಂಡದ ಮೆಟ್ಟಿಲ ಮೇಲೆ, ಒಳಗೂ ಬಾರದೆ ಹೊರಗೂ ಹೋಗದೆ, ಸಿಂಧನೂರಿನಿಂದ ಬೆಳಗಿನ ಬಸ್ಸಿಗೇ ಬಂದಿದ್ದ ಜಮೀಲಾಬೀ ಕೂತಿದ್ದಳು. ಚೀಲದಲ್ಲಿದ್ದ ಕೌದಿ ಅವಳು ಕೊಟ್ಟದ್ದು, ಅವಳ ತಾಯಿ ಸಕೀನಾಬೀ ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿದದ್ದು. ಅದನ್ನು ಸುಡಬೇಕೋ ಉಳಿಸಬೇಕೋ ಎಂದು ಹೇಳಲು ದೀಪಿಕಾ ಲಿಂಗಸುಗೂರಿನಿಂದ ಬಂದಿದ್ದಳು.

ಆದೆಪ್ಪ ಮಾಸ್ತರರು ಚಿತ್ರಕಲೆ ಕಲಿಸಿ ನಿವೃತ್ತರಾದವರು. ಆಮೇಲೆ ಸುಮ್ಮನೆ ಕೂರಲಾರದೆ ಸುತ್ತಲ ಹಳ್ಳಿಗಳನ್ನು ತಿರುಗಿ, ಜನ ಅಟ್ಟಕ್ಕೆ ಎಸೆದದ್ದನ್ನೆಲ್ಲ ಕೇಳಿ ತಂದು, ಮಸ್ಕಿಯ ಹಳೆಯ ಹತ್ತಿ ಗೋದಾಮೊಂದರ ಮುಂಭಾಗದಲ್ಲಿ ಸಂಗ್ರಹಾಲಯ ಮಾಡಿದ್ದರು. ಮಸ್ಕಿಗೆ ಬಂದವರು ಅಶೋಕನ ಶಾಸನ ನೋಡಿ ಹಾಗೇ ಬಸ್ಸು ಹತ್ತುತ್ತಾರೆ. ಅವರಲ್ಲಿ ಯಾರಾದರೂ ದಾರಿ ತಪ್ಪಿ ಇಲ್ಲಿಗೆ ಬಂದರೆ ಮಾಸ್ತರರು ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ಸೇರು, ಪಾವು, ತೊಗಲು ಗೊಂಬೆ, ಕುರುಬರ ಕರಿ ಕಂಬಳಿ, ಹಳೆಯ ಹಲಗೆ ಎಲ್ಲ ಅಲ್ಲಿದ್ದವು. ಬಾಗಿಲಿಗೆ ಎದುರಾಗಿ, ಎಲ್ಲರ ಕಣ್ಣು ಮೊದಲು ಬೀಳುವ ಕಡೆ, ಗಾಜಿನ ಹಿಂದೆ ಸಕೀನಾಬೀಯ ಕೌದಿ ಇತ್ತು.

ಹುಳ ಮೊದಲು ಕಂಡದ್ದು ಕಂಬಳಿಯಲ್ಲಿ. ಕೊಡವಲು ಎತ್ತಿದರೆ ಅದು ಜರಡಿಯಾಗಿತ್ತು. ತೊಗಲು ಗೊಂಬೆಯೊಂದರ ಅಂಚು ಕಡಿದುಹೋಗಿತ್ತು. ಕೌದಿಯ ಕೆಳಗೂ ಹಿಟ್ಟಿನಂಥ ಪುಡಿ ಬಿದ್ದಿತ್ತು. ಗಾಬರಿಬಿದ್ದ ಮಾಸ್ತರರು ಪೊರಕೆ ಹಿಡಿದು, ಎಲ್ಲ ಕಡೆ ಸಿಕ್ಕ ಹುಳಗಳನ್ನು ಒಂದೇ ಕಡ್ಡಿಪೆಟ್ಟಿಗೆಗೆ ತುಂಬಿದರು. ಗುಡಿಸಿದ ಕಸವನ್ನು ಇದು ಯಾವ ಮೂಲೆಯದು, ಅದು ಯಾವ ಮೂಲೆಯದು ಎಂದು ಯಾರು ಬೇರೆ ಬೇರೆ ಇಟ್ಟಾರು? ಚಿತ್ರಕಲೆಯ ಮಾಸ್ತರರಲ್ಲವೆ, ಫೋಟೋ ಚೆನ್ನಾಗಿ ಬರಲಿ ಎಂದು ಕೌದಿಯ ಹಳದಿ ತುಂಡಿನ ಮೇಲೆ ಅವನ್ನು ಸುರುವಿ, ಫೋಟೋ ತೆಗೆದು, ಪರಿಚಯದವರಿಂದ ನಂಬರು ಪಡೆದು ದೀಪಿಕಾಳಿಗೆ ಕಳಿಸಿದರು.

ದೀಪಿಕಾ ಲಿಂಗಸುಗೂರಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಅಕ್ಕಿ ಗಿರಣಿಗಳಿಂದ ಬರುವ ಕಾಳುಗಳ ಹುಳ ನೋಡುವವಳು. ಹೆಸರು ಹೇಳಿದರೆ ಅವಳ ಕೆಲಸ ಮುಗಿಯುತ್ತಿತ್ತು. ಆ ಅಕ್ಕಿ ಯಾರದು, ಆಮೇಲೆ ಅದರ ಗತಿ ಏನಾಯಿತು ಎಂಬುದು ಅವಳ ತನಕ ಬರುತ್ತಿರಲಿಲ್ಲ, ಬರಲಿ ಎಂದು ಅವಳಿಗೂ ಇರಲಿಲ್ಲ. ಊಟ ಮಾಡುತ್ತಲೇ ಒಂದು ಕೈಯಿಂದ ಫೋಟೋ ದೊಡ್ಡದು ಮಾಡಿ ನೋಡಿದಳು. ಬಾಲದಲ್ಲಿ ಕೂದಲಿನ ಕುಚ್ಚು ಇದ್ದ ಮರಿಹುಳದ ಪೊರೆಗಳು ಸ್ಪಷ್ಟವಾಗಿ ಕಂಡವು. ಹೊಸದಾಗಿ ಬಂದ ವಸ್ತು ಯಾವುದು ಎಂದು ಕೇಳಿದಳು, ಕೌದಿ ಎಂದು ಉತ್ತರ ಬಂತು. ಫೋಟೋದಲ್ಲೂ ಕೌದಿಯೇ ಇತ್ತು. "ಇದು ಉಣ್ಣೆ, ತೊಗಲು, ಗರಿ ತಿನ್ನುವ ನುಸಿ. ಇದು ಸಿಕ್ಕ ವಸ್ತುವನ್ನು ಕೂಡಲೇ ಹೊರಗಿಡಿ. ಕೈಮೀರಿದ್ದರೆ ಸುಡುವುದು ಒಳ್ಳೆಯದು" ಎಂದು ಬರೆದು ಕಳಿಸಿ, ಮಜ್ಜಿಗೆ ಕಲಸಿಕೊಂಡಳು.

ಮಾಸ್ತರರು ಸಜ್ಜನರು, ಕೇಳದೆ ಸುಡುವವರಲ್ಲ. ಅದಕ್ಕೇ ಜಮೀಲಾಬೀಗೆ ಫೋನು ಮಾಡಿದರು. ಫೋನು ಎತ್ತಿದ್ದು ಅವಳ ಮಗ ವಾಸಿಂ. ತಾಯಿಯ ಕೈಯಲ್ಲಿ ಸೂಜಿ ಇದ್ದುದರಿಂದ ಅವನು ಸ್ಪೀಕರ್ ಹಾಕಿ ಮುಂದೆ ಹಿಡಿದ. ಸುತ್ತ ಓಣಿಯ ಹೆಂಗಸರು ಕೌದಿ ಹೊಲಿಯುತ್ತ ಕೂತಿದ್ದರು. ಸಕೀನಾಬೀ ಕೌದಿಯಿಂದ ಹುಳ ಹಬ್ಬಿ ಮಸ್ಕಿಯ ಸಾಮಾನೆಲ್ಲ ಹಾಳಾಯಿತು ಎಂಬ ಮಾತನ್ನು ಎಲ್ಲರೂ ಕೇಳಿದರು. ಸಂಜೆಯೊಳಗೆ ಹುಳಕ್ಕೆ ರೆಕ್ಕೆ ಬಂದವು. ಮೊಮ್ಮಗುವಿಗೆ ಕೌದಿ ಮಾಡಿಸಲು ಹಳೆಯ ಸೀರೆ ಕೊಟ್ಟುಹೋಗಿದ್ದ ಜವಳಗೇರಾದ ಮಾರೆಮ್ಮ ಮರುದಿನವೇ ಬಂದು, ಮುಖ ನೋಡದೆ, ಸೀರೆಗಳನ್ನು ವಾಪಸು ಒಯ್ದಳು. ತಾಯಿಯ ಕಾಲದಿಂದ ಬಾಣಂತಿಯರಿಗೆ, ಕೂಸುಗಳಿಗೆ ಕೌದಿ ಹೊಲಿದುಕೊಟ್ಟ ಮನೆ ಅದು. ಜಮೀಲಾಬೀಗೆ ಅನ್ನ ಕೊಡುತ್ತಿದ್ದದ್ದೂ ಆ ಹೆಸರೇ. ಅವಳು ಮಾಸ್ತರರಿಗೆ ಹೇಳಿ ಕಳಿಸಿದ್ದು ಇಷ್ಟೇ: ಕಡ್ಡಿ ಗೀರಬೇಡಿ, ಬರುತ್ತೇನೆ, ಹುಳ ನನ್ನ ಕಣ್ಣಿಗೆ ತೋರಿಸಿ.

ಹಾಗಾಗಿ, ಮಾಸ್ತರರು ಕರೆಸಿದ ದೀಪಿಕಾ ಈಗ ವರಾಂಡದಲ್ಲಿ ಬಿಳಿ ಚಾದರ ಹಾಸಿ, ಅದರ ಮೇಲೆ ಕೌದಿ ಬಿಡಿಸಿ, ಮೊಣಕಾಲೂರಿ ಕೂತಿದ್ದಳು. ಸೀರೆಯ ತುಂಡು, ಲುಂಗಿಯ ತುಂಡು, ಯಾವುದೋ ಶಾಲೆಯ ನೀಲಿ ಲಂಗದ ತುಂಡು, ಎಲ್ಲ ಹತ್ತಿ. ಅಂಚಿನಿಂದ ಶುರುಮಾಡಿ, ಮಡಿಕೆ ಮಡಿಕೆಯಲ್ಲೂ ಲೆನ್ಸ್ ಹಿಡಿದು ಸರಿಯುತ್ತ ಬಂದಳು. ಕೂದಲಿನ ಪೊರೆ ಒಂದೂ ಇರಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ, ಹಸಿರು ಬಟ್ಟೆಯ ತ್ರಿಕೋನವೊಂದರ ಮೇಲೆ, ಗುಂಡುಸೂಜಿ ಚುಚ್ಚಿದಂಥ ಸಣ್ಣ ತೂತುಗಳಿದ್ದವು. ಪುಡಿ ಉದುರುತ್ತಿದ್ದುದು ಅಲ್ಲಿಂದ. ನೋಡುತ್ತಿದ್ದಂತೆ ಒಂದು ತೂತಿನಿಂದ ಕೆಂಗಂದು ಬಣ್ಣದ ಹುಳವೊಂದು ಹೊರಬಂತು. ಎಳ್ಳಿಗಿಂತ ದೊಡ್ಡದಲ್ಲ. ಬೆನ್ನು ಗೂನು, ಮುಸುಕು ಹೊದ್ದಂತೆ ತಲೆ ಕೆಳಗೆ ಅಡಗಿತ್ತು. ಫೋಟೋದ ನುಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ದೀಪಿಕಾಳ ಕಿವಿ ಬಿಸಿಯಾದವು. ಎದ್ದು ಒಳಗೆ ಹೋದಳು. ಕಂಬಳಿಯ ಮಡಿಕೆಯಲ್ಲಿ ಕೂದಲ ಕುಚ್ಚಿನ ಮರಿಹುಳಗಳು ಬೇಕಾದಷ್ಟಿದ್ದವು. ಅಲ್ಲಿಂದ ತಲೆ ಎತ್ತಿದರೆ, ಸರಿಯಾಗಿ ಮೇಲೆ, ಗವಾಕ್ಷಿಯಲ್ಲಿ ಒಂದು ರಟ್ಟಿನ ಡಬ್ಬಿ. ಅದರ ತುಂಬ ಗುಬ್ಬಿಗೂಡು. ಗುಬ್ಬಿಗಳು ಕಡಿಮೆಯಾಗುತ್ತಿವೆ ಎಂದು ಮಾಸ್ತರರೇ ಪ್ರೀತಿಯಿಂದ ಇಟ್ಟದ್ದಂತೆ. ಅವಳು ನಿಚ್ಚಣಿಕೆ ಹತ್ತಿ ಡಬ್ಬಿಯನ್ನು ಅಲುಗಿಸಿದಾಗ ಗರಿಗಳ ಜೊತೆ ತೌಡು ಸುರಿದಂತೆ ಪೊರೆಗಳು ಸುರಿದವು. ಹಕ್ಕಿಯ ಗರಿಯಲ್ಲಿ ಹುಟ್ಟಿ, ಕೆಳಗಿಳಿದು ಕಂಬಳಿಗೆ, ಕಂಬಳಿಯಿಂದ ತೊಗಲಿಗೆ ಹೋಗಿದ್ದವು. ಕೌದಿಯ ಹತ್ತಿರ ಅವು ಸುಳಿದಂತೆಯೂ ಇರಲಿಲ್ಲ.

ಎರಡೂ ಬೇರೆ ಬೇರೆ ಹುಳ ಎಂದು ಅವಳು ಹೇಳಿದಾಗ ಮಾಸ್ತರರು ತಲೆ ಕೆರೆದುಕೊಂಡರು. ಗುಬ್ಬಿ ಡಬ್ಬಿಯ ಕಡೆ ಅವರು ನೋಡಲಿಲ್ಲ. ಕೌದಿಯ ಒಳಗೂ ನುಸಿ ಇಲ್ಲವೆಂದು ಮೇಲಿಂದ ನೋಡಿ ಹೇಗೆ ಹೇಳುತ್ತೀರಿ ಎಂದು ಕೇಳಿದರು. ಕೇಳಿದ್ದು ಸರಿಯೇ ಇತ್ತು. ಒಮ್ಮೆ ಮೇಲಿಂದ ನೋಡಿ ಹೇಳಿದ್ದರ ಫಲ ಮೆಟ್ಟಿಲ ಮೇಲೆ ಕೂತಿತ್ತು. ಆ ಹಸಿರು ಮೂಲೆಯನ್ನು ಬಿಚ್ಚಿ ನೋಡಬೇಕು ಎಂದಳು ದೀಪಿಕಾ.

ಜಮೀಲಾಬೀ ಥಟ್ಟನೆ ಎದ್ದು ಬಂದು ಆ ಮೂಲೆಯ ಮೇಲೆ ಕೈಯಿಟ್ಟಳು. ಈ ಕಡೆ ಕೌದಿ ಹೊಲಿಯುವವರು ಕೊನೆಯ ಮೂಲೆಯನ್ನು ಕಿಸೆಯ ಹಾಗೆ ತೆರೆದಿಟ್ಟು, ಅವತ್ತು ಮನೆಯಲ್ಲಿದ್ದ ತಿನ್ನುವ ಪದಾರ್ಥ ಏನಾದರೂ ಒಂದಿಷ್ಟು ಒಳಗಿಟ್ಟು, ಆಮೇಲೆ ಮುಚ್ಚಿ ಹೊಲಿಯುತ್ತಾರೆ. ಅದು ಕೌದಿಯ ಹೊಟ್ಟೆ. ಹೊಟ್ಟೆ ಖಾಲಿ ಇದ್ದರೆ ಹೊದ್ದವರಿಗೂ ಹಸಿವು ತಪ್ಪದು ಎಂದು ನಂಬಿಕೆ. ಒಮ್ಮೆ ಮುಚ್ಚಿದ್ದನ್ನು ಯಾರೂ ಬಿಚ್ಚುವುದಿಲ್ಲ. ಸಕೀನಾಬೀ ಮುಚ್ಚಿದ ಮೂಲೆಯನ್ನು ಅವಳು ಹೋದ ಮೇಲೆ ಬಿಚ್ಚುವುದೆಂದರೆ ಅವಳ ಬಾಯಿಂದ ತುತ್ತು ತೆಗೆದಂತೆ ಎಂದು ಮಗಳಿಗೆ ಅನ್ನಿಸಿತು. ಬಿಚ್ಚದಿದ್ದರೆ ಅದೇ ತಾಯಿಯ ಹೆಸರಿಗೆ ಹತ್ತಿದ ಮಸಿ ಹೋಗುವುದಿಲ್ಲ. ಕೊನೆಗೆ ಅವಳು ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು.

"ನೀ ಕೈ ಹಚ್ಚಬ್ಯಾಡವ್ವ. ನಮ್ಮಮ್ಮ ಮುಚ್ಚಿದ್ದು, ನಾನೇ ಬಿಚ್ಚತೀನಿ."

ಒಂದೊಂದೇ ಹೊಲಿಗೆ ಎತ್ತಿ, ದಾರ ಕಡಿಯದಂತೆ ಎಳೆದು ಬಿಚ್ಚಿದಳು. ಮೂಲೆಯನ್ನು ಮಗುಚಿದಾಗ ಚಾದರದ ಮೇಲೆ ಕಂದು ಪುಡಿ ಬಿತ್ತು. ಅದರಲ್ಲಿ ಸುರುಳಿ ಸುತ್ತಿಕೊಂಡ ನುಣುಪಾದ ಬಿಳಿ ಮರಿಗಳು, ಗೂನು ಬೆನ್ನಿನ ಕೆಂಪು ಹುಳಗಳು, ಮತ್ತೆ ಉಗುರಿನಷ್ಟು ಅಗಲದ ಒಂದು ಚೂರು. ಜಮೀಲಾಬೀ ಅದನ್ನು ಮೂಸಿ ನೋಡಿದಳು. ಚೊಂಗೆ. ಮೊಹರಮ್ಮಿಗೆ ಮಾಡುವ ಸಿಹಿ ರೊಟ್ಟಿ. ಈ ಕೌದಿ ಮುಗಿದ ವರ್ಷದ ಹಬ್ಬದಲ್ಲಿ ಎಲ್ಲರಿಗೂ ಹಂಚಿ ತಾಯಿಯ ಪಾಲಿಗೆ ಒಂದೇ ಉಳಿದಿತ್ತೆಂದೂ, ಅದರಲ್ಲಿ ಅರ್ಧ ಮುರಿದು ಇಲ್ಲಿಟ್ಟಳೆಂದೂ ಅವಳು ಯಾರಿಗೂ ಅಲ್ಲವೆಂಬಂತೆ ಹೇಳಿದಳು. ದೀಪಿಕಾ ಪುಡಿಯನ್ನು ಹರಡಿ, ಲೆನ್ಸಿನಲ್ಲಿ ತುದಿಯಿಂದ ತುದಿಗೆ ನೋಡಿದಳು. ಕೂದಲಿನ ಹುಳ ಒಂದೂ ಇರಲಿಲ್ಲ.

"ಇದು ಕುಟ್ಟೆ ಅಲ್ಲೇನು? ಒಣ ಅರಿಶಿಣಕ್ಕ ಬೀಳ್ತೈತಲ್ಲ, ಅದು," ಎಂದಳು ಜಮೀಲಾಬೀ.

"ಹೌದ್ರಿ, ಅದೇ. ಇದು ಕಂಬಳಿ ಮುಟ್ಟಂಗಿಲ್ಲ, ತೊಗಲುಗೊಂಬಿ ಕಡದದ್ದೂ ಇದಲ್ಲ. ತಪ್ಪು ನಂದ್ರಿ ಬೀಯಮ್ಮ, ಮಾಸ್ತರ್ದಲ್ಲ. ಎಲ್ಲಿ ಸಿಕ್ತು ಅಂತ ಕೇಳಲಾರ್ದ ಸುಡ್ರಿ ಅಂದುಬಿಟ್ಟೆ."

ಕಾಳಿನ ಹುಳಗಳಿಗೆ ಹೆಸರು ಹೇಳುತ್ತ ಕಳೆದ ವರ್ಷಗಳಲ್ಲಿ ದೀಪಿಕಾ ಯಾರ ಮುಂದೆಯೂ ಹೀಗೆ ಕೂತಿರಲಿಲ್ಲ, ಅವಳಿಗೆ ನಿಜವಾಗಿ ನಾಚಿಕೆಯಾಗಿತ್ತು. ಜಮೀಲಾಬೀ ಆಗಲಿ ಬಿಡು ಎನ್ನಲಿಲ್ಲ. ವಾಸಿಂಗೆ ಫೋನು ಹಚ್ಚಿ, ಸ್ಪೀಕರ್ ಹಾಕಿಕೊಂಡು ಹೆಂಗಸರ ನಡುವೆ ಕೂಡ್ರಲು ಹೇಳಿ, ಫೋನನ್ನು ದೀಪಿಕಾಳ ಬಾಯಿಯ ಹತ್ತಿರ ಹಿಡಿದಳು. ದೀಪಿಕಾ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಆ ಕಡೆಯಿಂದ ಯಾರೋ ಮತ್ತೊಮ್ಮೆ ಹೇಳಿಸಿದರು, ಮತ್ತೊಮ್ಮೆ ಹೇಳಿದಳು. ಮಾರೆಮ್ಮನಿಗೂ ಮಾತು ಮುಟ್ಟಿಸಿರಿ ಎಂದಷ್ಟೇ ಜಮೀಲಾಬೀ ಸೇರಿಸಿದಳು.

ಮಾಸ್ತರರ ಮುಖ ಅರಳಿತ್ತು. ಕೌದಿಯನ್ನು ಕೊಡವಿ, ಎರಡು ದಿನ ಬಿಸಿಲಿಗೆ ಹಾಕಿ, ಮತ್ತೆ ಗಾಜಿನ ಹಿಂದೆ ಇಡೋಣ, ಕೌದಿ ಇಲ್ಲದೆ ಸಂಗ್ರಹಾಲಯ ಭಣಗುಡುತ್ತಿದೆ ಎಂದರು. ಅವರಿಗೆ ಈಗ ಗುಬ್ಬಿಯ ಡಬ್ಬಿಗೂ ಬೇರೆ ಜಾಗ ಹುಡುಕಬೇಕಿತ್ತು, ಅದನ್ನೂ ತಾವೇ ಹೇಳಿದರು. ಜಮೀಲಾಬೀ ತೆರೆದ ಮೂಲೆಯೊಳಗೆ ಎರಡು ಬೆರಳು ಹಾಕಿ ನೋಡಿ, ದೀಪಿಕಾಳ ಕಡೆ ತಿರುಗಿದಳು. ಇದರೊಳಗೆ ಈಗ ಏನು ಹಾಕಲಿ ಎಂದು ಕೇಳಿದಳು.

ಇಲ್ಲಿ ಇಡುವುದಾದರೆ ತಿನ್ನುವ ಪದಾರ್ಥ ಏನೂ ಹಾಕುವಂತಿಲ್ಲ, ಹಾಕಿದರೆ ಮತ್ತೆ ಹುಳ ಬರುತ್ತದೆ, ಉಳಿದ ಸಾಮಾನಿಗೂ ತೊಂದರೆ ಎಂದು ದೀಪಿಕಾ ಹೇಳಿದಳು. ಒಣ ಬೇವಿನೆಲೆ ಹಾಕಬಹುದಲ್ಲ, ಹುಳ ಮುಟ್ಟುವುದಿಲ್ಲ ಎಂದರು ಮಾಸ್ತರರು.

ಜಮೀಲಾಬೀ ನಕ್ಕಳು. ಬಂದಾಗಿನಿಂದ ನಕ್ಕದ್ದು ಅದೇ ಮೊದಲು.

"ಹುಳ ಸುದ್ಧಾ ತಿನ್ನಲಾರದ್ದು ಹೊಟ್ಟಿಗೆ ಹ್ಯಾಂಗ ಆದೀತ್ರಿ ಮಾಸ್ತರ್ರ? ಇದನ್ನ ನಾ ಮನಿಗೆ ಒಯ್ತೀನಿ. ಇಲ್ಲಿ ನೋಡವ್ರಿದ್ದಾರ, ಅಲ್ಲಿ ಹೊದಿಯವ್ರಿದ್ದಾರ."

ಮಾಸ್ತರರು ಬಹಳ ಹೇಳಿನೋಡಿದರು. ಕೌದಿಯ ಪಕ್ಕ ಸಕೀನಾಬೀಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ತಾವೇ ಬರೆದು ಹಾಕುವುದಾಗಿಯೂ ಹೇಳಿದರು. ಒಂದು ಗಳಿಗೆ ಜಮೀಲಾಬೀ ಗಾಜಿನ ಕಡೆ ನೋಡಿದಳು, ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಆಮೇಲೆ ಕೌದಿ ಮಡಚಿ ಹೆಗಲಿಗೆ ಹಾಕಿಕೊಂಡಳು. ಮಾಸ್ತರರು ರಸ್ತೆಯವರೆಗೆ ಬಂದು, ಅವಳು ತಿರುವು ದಾಟುವ ತನಕ ನಿಂತಿದ್ದರು.

ಬಸ್‌ಸ್ಟ್ಯಾಂಡಿಗೆ ಇಬ್ಬರೂ ಜೊತೆಗೇ ಬಂದರು, ಒಬ್ಬಳಿಗೆ ಸಿಂಧನೂರಿನ ಬಸ್ಸು, ಇನ್ನೊಬ್ಬಳಿಗೆ ಲಿಂಗಸುಗೂರಿನದು. ಮನೆಯಲ್ಲಿ ಎರಡು ದಿನ ಕಡು ಬಿಸಿಲಿಗೆ ಹಾಕಿದ ಮೇಲೆಯೇ ಹೊದೆಯಿರಿ ಎಂದು ದೀಪಿಕಾ ಮತ್ತೆ ಹೇಳಿದಳು. ಜಮೀಲಾಬೀ ತಲೆಯಾಡಿಸುತ್ತಲೇ ಹೋಗಿ ಮಂಡಕ್ಕಿ ಗಾಡಿಯವನಿಂದ ಒಂದು ಪೊಟ್ಟಣ ಮಂಡಾಳು ತಂದು, ಕಲ್ಲುಬೆಂಚಿನ ಮೇಲೆ ಕೂತು, ಕೌದಿಯ ಮೂಲೆಯನ್ನು ಮಡಿಲಿಗೆ ಎಳೆದುಕೊಂಡಳು.

"ಮನಿಗೆ ಹೋಗಿ ಹಾಕಬಹುದಿತ್ತಲ್ರಿ," ಎಂದಳು ದೀಪಿಕಾ.

"ಬರೇ ಹೊಟ್ಟೀಲೆ ಯಾರನ್ನರ ದಾರಿ ಹಿಡಿಸ್ತಾರೇನವ್ವ?"

ಸೂಜಿಯ ಕಣ್ಣು ಅವಳಿಗೆ ಕಾಣಲಿಲ್ಲ. ದೀಪಿಕಾ ಇಸಿದುಕೊಂಡು ದಾರ ಪೋಣಿಸಿ ಕೊಟ್ಟಳು. ಜಮೀಲಾಬೀ ಒಂದು ಹಿಡಿ ಮಂಡಾಳು ಒಳಗೆ ಹಾಕಿದಳು, ಹೊಲಿಗೆ ಹಾಕಲು ಹೋಗಿ ನಿಂತಳು, ಪೊಟ್ಟಣವನ್ನು ದೀಪಿಕಾಳ ಮುಂದೆ ಹಿಡಿದಳು. "ನೀನೂ ಹಾಕು." ಸಿಂಧನೂರಿನ ಬಸ್ಸು ಒಳಬಂದು ತಿರುಗುತ್ತಿತ್ತು. ಹುಳ ಎಷ್ಟು ದಿನಕ್ಕೆ ಬರುತ್ತದೆ, ಯಾವುದು ಮೊದಲು ಬರುತ್ತದೆ ಎಂಬುದೆಲ್ಲ ದೀಪಿಕಾಳಿಗೆ ಗೊತ್ತಿತ್ತು. ಅವಳು ನಾಲ್ಕು ಮಂಡಾಳು ಎತ್ತಿಕೊಂಡು ಹಸಿರು ಬಟ್ಟೆಯೊಳಗೆ ಬೆರಳು ಇಳಿಸಿದಳು. ಒಳಗೆ ಬೆಚ್ಚಗಿತ್ತು.