ಮೇಲಿನ ಚಿಲಕ

ಚಳಿ ಇನ್ನೂ ಊರೊಳಗೆ ಕಾಲಿಟ್ಟಿರಲಿಲ್ಲ. ಬೆಳಗಿನ ಹೊತ್ತು ಬಾಗಿಲ ಹಿಡಿ ಮುಟ್ಟಿದರೆ ಬೆರಳಿಗೆ ಅದರ ಸುಳಿವು ಸಿಗುತ್ತಿತ್ತು, ಅಷ್ಟೆ. ಆ ಸುಳಿವು ಸಿಕ್ಕಿತೆಂದರೆ ಅರಳಕ್ಕನ ಅಂಗಡಿಯಲ್ಲಿ ಯಾರಿಗೂ ಕೂತು ಉಣ್ಣಲು ಪುರುಸೊತ್ತಿರುತ್ತಿರಲಿಲ್ಲ. ಹಾಸಿಗೆ, ದಿಂಬು, ರಜಾಯಿ ಹೊಲಿಯುವ ಅಂಗಡಿ ಅದು. ಉಳಿದ ತಿಂಗಳಲ್ಲಿ ದಿಂಬು ತುಂಬಿ ಮನೆಯ ಒಲೆ ಹೊತ್ತಿದರೆ ಸಾಕು. ಬಾಡಿಗೆ, ಬಟ್ಟೆ, ಈ ಸಲ ಸೊಸೆಯ ಬಾಣಂತನ, ಎಲ್ಲವೂ ಚಳಿಗಾಲದ ರಜಾಯಿಯಿಂದಲೇ ಹುಟ್ಟಬೇಕಿತ್ತು.

ಅವತ್ತು ಅರಳೆ ಹಿಂಜುವ ಯಂತ್ರದ ಮುಂದೆ ಅವಳ ತಂಗಿಯ ಮಗ ನಿಂತಿದ್ದ. ಆಳು ಎತ್ತರ, ಹಾಗಾಗಿ ಎಲ್ಲರ ಬಾಯಲ್ಲೂ ಅವನ ಹೆಸರು 'ಉದ್ದ'. ಹಳೆಯ ಅರಳೆಯ ಗಂಟು ಗಂಟಾದ ಉಂಡೆಗಳನ್ನು ಅವನು ಯಂತ್ರದ ಹಲ್ಲಿಗೆ ಕೊಡುತ್ತಿದ್ದರೆ, ಆ ಕಡೆಯಿಂದ ಅದು ಹಾಲಿನ ನೊರೆಯ ಹಾಗೆ ಉಕ್ಕಿ ಬರುತ್ತಿತ್ತು. ಸೊಸೆ ಗೋಡೆಗೊರಗಿ ಕೂತು ರಜಾಯಿಯ ಅಂಚು ಹೊಲಿಯುತ್ತಿದ್ದಳು. ಉಬ್ಬಿದ ಹೊಟ್ಟೆಯ ಮೇಲೆ ಬಟ್ಟೆ ಹರವಿಕೊಂಡು, ಹುಟ್ಟೋಕೆ ಮುಂಚೆಯೇ ನಿಮ್ಮ ಮೊಮ್ಮಗು ಮೇಜಿನ ಕೆಲಸ ಮಾಡ್ತಿದೆ ನೋಡಿ ಅತ್ತೆ, ಎಂದು ನಗಿಸುತ್ತಿದ್ದಳು.

ಯಂತ್ರ ಓಡುವಾಗ ಬಾಗಿಲು ಮುಚ್ಚಿರಬೇಕು. ಅದು ಅರಳಕ್ಕನ ಮಾವನ ಕಾಲದಿಂದ ಬಂದ ಪದ್ಧತಿ. ಒಂದು ಸಲ ಸುಳಿಗಾಳಿ ಬಾಗಿಲನ್ನು ಒದ್ದು ಒಳಗೆ ನುಗ್ಗಿ, ಒಂದಿಡೀ ಹಾಸಿಗೆಯ ಅರಳೆಯನ್ನು ಎತ್ತಿ ಬೀದಿಯ ಮೋರಿಗೆ ಸುರಿದಿತ್ತಂತೆ. ಮಾರನೇ ದಿನವೇ ಮಾವ ಬಾಗಿಲಿಗೆ ಚಿಲಕ ಬಡಿಸಿದ. ಮಕ್ಕಳ ಕೈಗೆ ಎಟುಕಬಾರದೆಂದು ಮೇಲಕ್ಕೆ, ತೀರಾ ಮೇಲಕ್ಕೆ ಬಡಿಸಿದ. ಹೊಸ್ತಿಲಾಚೆ ಮಣ್ಣಿನ ಗಡಿಗೆಯೊಂದನ್ನು ಇಟ್ಟವನೂ ಅವನೇ. ಒಳಗೆ ಬರುವವರು ಯಾರೇ ಆಗಲಿ, ಬೆಂಕಿಪೊಟ್ಟಣ, ಬೀಡಿ, ಲೈಟರ್ ಎಲ್ಲ ಅದಕ್ಕೆ ಹಾಕಿಯೇ ಬರಬೇಕು. ಮಾವ ಹೋಗಿ ಎಷ್ಟೋ ವರ್ಷವಾದರೂ ಗಡಿಗೆಯೂ ಚಿಲಕವೂ ಇದ್ದಲ್ಲೇ ಇದ್ದವು.

ಮಧ್ಯಾಹ್ನ ಯಂತ್ರ ನಿಲ್ಲಿಸಿ ಬಾಗಿಲು ತೆಗೆದಾಗ ಹೊಸ್ತಿಲ ಮೇಲೆ ಮತ್ತೊಂದು ಚೀಟಿ ಬಿದ್ದಿತ್ತು. ಅಗ್ನಿ ಸುರಕ್ಷತೆಯ ಪರಿಶೀಲನೆಗೆ ಬಂದಾಗ ಅಂಗಡಿ ಮುಚ್ಚಿತ್ತು, ಮರುಭೇಟಿಯ ಶುಲ್ಕ ಕಟ್ಟತಕ್ಕದ್ದು. ಇದು ಮೂರನೆಯದು. ಮೂರು ಸಲವೂ ಅವರೆಲ್ಲ ಒಳಗೇ ಇದ್ದರು. ಯಂತ್ರದ ಸದ್ದಿನಲ್ಲಿ ಬಾಗಿಲು ಬಡಿದದ್ದು ಕೇಳಿರಲಿಲ್ಲ, ಬಡಿದಿದ್ದರೆ.

ನಗರಸಭೆ ಹೊಸದಾಗಿ ತಂದ ನಿಯಮ ಅದು. ಪ್ರತಿ ಅಂಗಡಿಯನ್ನೂ ವರ್ಷಕ್ಕೊಮ್ಮೆ ಬೆಂಕಿಯ ಭಯವಿದೆಯೇ ಎಂದು ನೋಡುತ್ತಾರೆ. ನೋಡುವ ಖರ್ಚು ಅಂಗಡಿಯವರದು. ಅರಳಕ್ಕ ಆ ಖರ್ಚನ್ನು ವರ್ಷದ ಮೊದಲಿಗೇ ಕಟ್ಟಿದ್ದಳು, ಗೊಣಗದೆ ಕಟ್ಟಿದ್ದಳು. ಅರಳೆಯ ನಡುವೆ ಬಾಳಿದವಳಿಗೆ ಬೆಂಕಿ ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಈಗ ಅವಳಿಗೆ ಬೇಕಾಗಿದ್ದುದು ಪ್ರಮಾಣಪತ್ರ. ದೊಡ್ಡಾಸ್ಪತ್ರೆಯವರು ವಾರ್ಡುಗಳಿಗೆಲ್ಲ ರಜಾಯಿ ಬೇಕೆಂದಿದ್ದರು, ಪತ್ರ ತೋರಿಸಿದರೆ ಕೆಲಸ ನಿಮ್ಮದೇ ಎಂದೂ ಹೇಳಿದ್ದರು. ಆ ಕೆಲಸ ಸಿಕ್ಕರೆ ಬಾಣಂತನದ ಚಿಂತೆ ಇರುತ್ತಿರಲಿಲ್ಲ.

ಸೆರಗಿಗಂಟಿದ ಅರಳೆಯನ್ನು ಕೊಡವಿಕೊಂಡು ಅವಳು ಕಚೇರಿಗೆ ಹೋದಳು. ಕಿಟಕಿಯ ಆಚೆಗಿದ್ದ ಗುಮಾಸ್ತ ಕೆಟ್ಟವನೇನಲ್ಲ. ಕೂರಿ ಎಂದ, ನೀರು ಬೇಕೇ ಎಂದ. ಬಂದವರಿಗೆ ಬಾಗಿಲು ತೆರೆಯದಿದ್ದರೆ ಮುಚ್ಚಿತ್ತು ಎಂದಲ್ಲದೆ ಇನ್ನೇನು ಬರೆಯಬೇಕು ಎಂದು ಕೇಳಿದ.

"ಯಂತ್ರದ ಸದ್ದು ಬೀದಿ ತುದಿಗೆ ಕೇಳುತ್ತೆ. ಸದ್ದು ಮಾಡೋ ಅಂಗಡಿ ಮುಚ್ಚಿರುತ್ತಾ?"

"ಸದ್ದಿಗೆ ಕಾಲಂ ಇಲ್ಲಮ್ಮ. ತೆರೆದಿತ್ತು, ಮುಚ್ಚಿತ್ತು, ಎರಡೇ ಇರೋದು."

ಈ ದುಡ್ಡು ಬೆಂಕಿ ಆರಿಸುವವರಿಗಾದರೂ ಹೋಗುತ್ತದೆಯೇ ಎಂದು ಅವಳು ಕೇಳಿದಳು. ಹಾಗೇನಿಲ್ಲ, ಎಲ್ಲ ಒಂದೇ ಹುಂಡಿಗೆ ಬೀಳುತ್ತದೆ, ಅದರಿಂದ ರಸ್ತೆಯೂ ಆಗುತ್ತದೆ, ಸಭೆಯ ಕುರ್ಚಿಗಳೂ ಆಗುತ್ತವೆ ಎಂದು ಅವನು ಪ್ರಾಮಾಣಿಕವಾಗಿಯೇ ಹೇಳಿದ. ಅರಳಕ್ಕನ ಕಿವಿ ಬಿಸಿಯಾಯಿತು. ಅವಳು ಹುಟ್ಟಿದ ಹಳ್ಳಿಯಲ್ಲಿ ಎತ್ತು ನೋಡಲು ಬರುವ ದಲ್ಲಾಳಿಯೂ ಹೀಗೇ ನೋಡುವ ಕೂಲಿ ತೆಗೆದುಕೊಳ್ಳುತ್ತಿದ್ದ. ಮಹಾ ಸುಳ್ಳುಗಾರನಾದರೂ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ, ಗೊರಸು ಎತ್ತುತ್ತಿದ್ದ, ನಾಲ್ಕು ಹೆಜ್ಜೆ ನಡೆಸುತ್ತಿದ್ದ. ನೋಡದೆ ಕೂಲಿ ಕೇಳುವ ಧೈರ್ಯ ಅವನಿಗೂ ಇರಲಿಲ್ಲ.

"ನೋಡೋಕೆ ಅಂತ ದುಡ್ಡು ಇಸ್ಕೊಂಡಿದ್ದೀರಿ. ಬಂದು ನೋಡಿ. ನೋಡಿದ ಮೇಲೆ ಮಾತಾಡೋಣ" ಎಂದು ಎದ್ದು ಬಂದಳು.

ಪರಿಶೀಲನೆಗೆ ಬರುವ ದಿನವನ್ನು ಹೇಳಿಸಿಕೊಂಡೇ ಬಂದಿದ್ದಳು. ಆ ದಿನ ಬೆಳಗಿನಿಂದ ಯಂತ್ರ ನಿಲ್ಲಿಸಿದಳು. ಬಾಗಿಲನ್ನು ಹಾರುಹೊಡೆದಳು. ನೆಂಟರು ಬರುವ ಮನೆಯ ಹಾಗೆ ನೆಲ ಗುಡಿಸಿ, ಅರಳೆಯ ಮೂಟೆಗಳನ್ನು ಸಾಲಾಗಿ ಜೋಡಿಸಿ, ಯಂತ್ರದ ಪಕ್ಕದ ನೀರಿನ ಬಕೆಟ್ಟನ್ನು ಬೆಳಗಿ ತುಂಬಿಟ್ಟಳು. ದಂಡಕ್ಕೆ ಒಂದು ದಿನದ ಕೆಲಸ ಹೋಯಿತಲ್ಲ ದೊಡ್ಡಮ್ಮ ಎಂದು ಉದ್ದ ಗೊಣಗಿದ. ಹೋಗಲಿ, ಒಳಗೆ ಬಂದು ಕಣ್ಣಾರೆ ನೋಡಲಿ ಎಂದಳು.

ಇಳಿಹೊತ್ತಿಗೆ ಪರಿಶೀಲಕ ಬಂದ. ಗಡಿಗೆ ತೋರಿಸಿದಾಗ ಜೇಬಿನ ಲೈಟರ್ ತೆಗೆದು, "ಚಪ್ಪಲಿ ಬಿಡಿ ಅನ್ನೋರನ್ನ ನೋಡಿದ್ದೆ. ಇದು ಹೊಸದು" ಎಂದು ನಗುತ್ತ ಅದರೊಳಗೆ ಹಾಕಿದ. ಎರಡು ಹೆಜ್ಜೆ ಒಳಗಿಟ್ಟ. ಅರಳೆಯ ಧೂಳು ಮೂಗಿಗೇರಿ ಸೀನಿದ, ಮತ್ತೆ ಸೀನಿದ, ಕಣ್ಣೊರೆಸುತ್ತ ಹೊಸ್ತಿಲಾಚೆ ಹಾರಿದ. ಅಲ್ಲೇ ನಿಂತು ಬರೆದುಕೊಂಡ.

"ಇಷ್ಟೇನಾ?" ಎಂದಳು ಅರಳಕ್ಕ. "ಯಂತ್ರ ನೋಡ್ಲಿಲ್ಲ. ಹಿಂದಿನ ಗೋಡೆ ನೋಡ್ಲಿಲ್ಲ. ಏನಾದ್ರೂ ತಪ್ಪಿದ್ರೆ ಹೇಳಿ ಸ್ವಾಮಿ, ಸರಿ ಮಾಡ್ಕೋತೀವಿ."

"ಎಲ್ಲ ಸರಿಯಾಗಿದೆ ತಾಯಿ. ಇಷ್ಟು ನೀಟಾದ ಅಂಗಡಿ ನಾನು ನೋಡೇ ಇಲ್ಲ." ಗಡಿಗೆಯಿಂದ ಲೈಟರ್ ಆಯ್ದುಕೊಂಡು ಹೊರಟ.

ಹೋದ ದಿನದ ಕೆಲಸವನ್ನು ಹಿಡಿಯಬೇಕೆಂದು ಮಾರನೇ ಬೆಳಿಗ್ಗೆ ಉದ್ದ ಯಂತ್ರವನ್ನು ಸ್ವಲ್ಪ ಜೋರಾಗಿಯೇ ಓಡಿಸಿದ. ಹಳೆಯ ಹಾಸಿಗೆಯ ಅರಳೆಯಲ್ಲಿ ಒಂದು ಹರಳೋ ಗುಂಡಿಯೋ ಉಳಿದಿತ್ತು. ಯಂತ್ರದ ಹಲ್ಲು ಅದನ್ನು ಕಚ್ಚಿತು. ಕಿಡಿ ಹಾರಿ ನೊರೆಯಂಥ ಅರಳೆಯ ಮೇಲೆ ಕಪ್ಪಗೆ ಒಂದು ಕಣ್ಣು ತೆರೆದು, ಕೆಂಪಗಾಗಿ, ಅಗಲವಾಗತೊಡಗಿತು. ಉದ್ದ ಯಂತ್ರ ನಿಲ್ಲಿಸಿದ. ಅರಳಕ್ಕ ಒದ್ದೆ ಗೋಣಿ ಎಳೆದು ಅದರ ಮೇಲೆ ಬಿದ್ದಳು. ಉದ್ದ ಬಕೆಟ್ಟು ಸುರಿದ. ಕಮಟು ಹೊಗೆ ಎದ್ದಿತು, ಆಮೇಲೆ ಬರೀ ಆವಿ. ಇಂಥದು ಹಿಂದೆಯೂ ಆಗಿತ್ತು. ಕೈಗಳು ತಾವಾಗಿಯೇ ಕೆಲಸ ಮಾಡಿದ್ದವು.

ಅವಳು ತಲೆಯೆತ್ತಿ ನೋಡಿದಾಗ ಸೊಸೆ ಬಾಗಿಲ ಬಳಿ ಇದ್ದಳು. ಒಂದು ಕೈ ಹೊಟ್ಟೆಯ ಮೇಲೆ. ಇನ್ನೊಂದು ಕೈಯನ್ನು ಎತ್ತಿ, ತುದಿಗಾಲ ಮೇಲೆ ನಿಂತು ಚಿಲಕಕ್ಕೆ ಚಾಚುತ್ತಿದ್ದಳು. ಬೆರಳಿಗೂ ಚಿಲಕಕ್ಕೂ ನಡುವೆ ಒಂದು ಗೇಣು ಇತ್ತು. ಎಟುಕಿದ್ದರೂ ಬಾಗಿಲು ಒಳಕ್ಕೆ ತೆರೆಯುವಂಥದು. ಅವಳು ಹೊಟ್ಟೆ ಹೊತ್ತು ಹಿಂದೆ ಸರಿಯಬೇಕಿತ್ತು, ಬೆಂಕಿಯ ಕಡೆಗೆ.

ಸೊಸೆಯನ್ನು ಕೂರಿಸಿ, ನೀರು ಕುಡಿಸಿ, ಬೆನ್ನು ಸವರಿದಳು. ಅರಳಕ್ಕ ಚಿಲಕವನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ದಿನಾ ಹಾಕಿ ತೆಗೆದ ಚಿಲಕ. ತನಗೆ ಕಾಣಲಿಲ್ಲ, ಅದು ತನ್ನ ತಪ್ಪು. ಅಭ್ಯಾಸದ ಕಣ್ಣಿಗೆ ಕಾಣುವುದಿಲ್ಲ. ಹೊಸ ಕಣ್ಣಿಗೆ ಕಾಣಲೆಂದಲ್ಲವೇ ದುಡ್ಡು ಕಟ್ಟಿದ್ದು? ನಗರಸಭೆಯವರು ಅದೇ ಬಾಗಿಲಾಚೆ ಮೂರು ಸಲ ನಿಂತಿದ್ದರಲ್ಲ. ಒಳಗೆ ಜನರಿದ್ದಾರೆ, ಬಾಗಿಲು ತೆರೆಯುತ್ತಿಲ್ಲ. ನೋಡಬೇಕಾಗಿದ್ದುದು ಅದೊಂದೇ, ಅದನ್ನೇ ಅವರು ಚೀಟಿಯಲ್ಲಿ ಬರೆದು ದುಡ್ಡು ಕೇಳಿದ್ದರು.

ಸಂಜೆ ಪಕ್ಕದ ಬೀದಿಯ ಬಡಗಿಯನ್ನು ಕರೆತಂದಳು. ಅವನು ಬಾಗಿಲನ್ನು ಕಳಚಿ, ಕೀಲು ಬದಲಿಸಿ, ಹೊರಕ್ಕೆ ತೆರೆಯುವ ಹಾಗೆ ಕೂರಿಸಿದ. ಚಿಲಕವೇ ಬೇಡ ಅಕ್ಕ, ಈಗ ಗಾಳಿ ತಳ್ಳಿದಷ್ಟೂ ಬಾಗಿಲು ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ, ಒಳಗಿನವರು ಮೈ ತಾಗಿಸಿದರೆ ತೆರೆಯುತ್ತದೆ ಎಂದ. ಸೊಸೆ ಹೋಗಿ ಮೊಣಕೈಯಿಂದ ನೂಕಿ ನೋಡಿದಳು. ತೆರೆಯಿತು. ಬಡಗಿ ಕೇಳಿದ ಕೂಲಿಯ ಮೇಲೊಂದು ರಜಾಯಿ ಸೇರಿಸಿ ಕೊಟ್ಟಳು ಅರಳಕ್ಕ.

ಪ್ರಮಾಣಪತ್ರ ಸಿದ್ಧವಾಗಿತ್ತು, ಆದರೆ ಕೈಗೆ ಬರಲಿಲ್ಲ. ಮೂರು ಮರುಭೇಟಿಯ ಬಾಕಿ ತೀರಿಸಿದರೆ ಕೊಡುತ್ತೇನೆ ಎಂದ ಗುಮಾಸ್ತ. ಪತ್ರವನ್ನು ಕಿಟಕಿಯ ಆಚೆಯಿಂದ ತೋರಿಸಿದ ಕೂಡ. ಅದರಲ್ಲಿ 'ಹೊರದಾರಿ ಸಮರ್ಪಕ' ಎಂದು ಬರೆದಿತ್ತು. ಅರಳಕ್ಕ ಅದನ್ನು ಓದಿದಳು. ಬಾಕಿಯಷ್ಟು ದುಡ್ಡು ಸೆರಗಿನ ಗಂಟಿನಲ್ಲಿತ್ತು. ಕಟ್ಟಿಯೇ ಬರೋಣವೆಂದು ತಂದಿದ್ದಳು. ಗಂಟಿನ ಮೇಲಿದ್ದ ಕೈ ಹಾಗೆಯೇ ನಿಂತಿತು.

"ಈ ಪತ್ರ ಬರೆದ ದಿನ ನನ್ನ ಸೊಸೆಗೆ ಹೊರದಾರಿ ಇರಲಿಲ್ಲ" ಎಂದಳು. "ಸುಳ್ಳನ್ನ ದುಡ್ಡು ಕೊಟ್ಟು ಬಿಡಿಸ್ಕೊಳಲ್ಲ. ಇಟ್ಕೊಳಿ."

ಆಸ್ಪತ್ರೆಯ ಕೆಲಸ ಊರಾಚೆಯ ಕಾರ್ಖಾನೆಗೆ ಹೋಯಿತು. ಅಲ್ಲಿ ಪತ್ರಕ್ಕೆ ಗಾಜು ಹಾಕಿಸಿ ಗೋಡೆಗೆ ತಗುಲಿಸಿದ್ದಾರಂತೆ. ಅರಳಕ್ಕನ ಮಗ ಸಂತೆ ಸಂತೆ ಸುತ್ತಿ ರಜಾಯಿಗಳನ್ನು ಬಿಡಿಯಾಗಿ ಮಾರತೊಡಗಿದ. ಅಮ್ಮ, ನಿನ್ನ ಹಟವನ್ನೂ ಒಳಗೆ ತುಂಬಿದ್ರೆ ಇನ್ನಷ್ಟು ಬೆಚ್ಚಗಿರ್ತಿತ್ತು ಎಂದು ಒಂದು ರಾತ್ರಿ ಕುಟುಕಿದ. ಕಷ್ಟ ಅವನದೂ ಹೌದು ಎಂದುಕೊಂಡು ಅವಳು ಮರುದಿನದ ಸಂತೆಗೆ ರಜಾಯಿಗಳನ್ನು ಕಟ್ಟಿಟ್ಟಳು.

ಚಳಿ ಬಲಿತ ಮೇಲೆ ಒಂದು ದಿನ ಯಂತ್ರ ಓಡುತ್ತಿತ್ತು. ಬಾಗಿಲ ಸಂದಿಯ ಬೆಳಕು ಅಳ್ಳಾಡಿದ್ದನ್ನು ಅರಳಕ್ಕ ಕಂಡಳು. ಹೋಗಿ ಸಂದಿಗೆ ಕಣ್ಣಿಟ್ಟಳು. ಹೊಸ ವರ್ಷದ ಪರಿಶೀಲನೆಗೆ ಬಂದ ನಗರಸಭೆಯ ಹೊಸ ಪರಿಶೀಲಕನೊಬ್ಬ ಬಾಗಿಲನ್ನು ಅಂಗೈಯಿಂದ ತಳ್ಳಿದ, ಭುಜ ಕೊಟ್ಟು ತಳ್ಳಿದ. ಬಾಗಿಲು ಚೌಕಟ್ಟಿಗೆ ಇನ್ನಷ್ಟು ಒತ್ತಿಕೊಂಡಿತು. ಎಳೆದು ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಬ್ಯಾಗಿನಿಂದ ಚೀಟಿಯ ಪುಸ್ತಕ ತೆಗೆದ. ಉದ್ದ ಯಂತ್ರ ನಿಲ್ಲಿಸಲು ಕೈಚಾಚಿದರೆ ಅರಳಕ್ಕ ಬೇಡವೆಂದು ಸನ್ನೆ ಮಾಡಿದಳು. ಬರೆದು ಮುಗಿಸಲಿ. ಬಾಗಿಲ ಕೆಳಗಿಂದ ಚೀಟಿ ಒಳಗೆ ತೂರಿ ಬಂತು: ಅಂಗಡಿ ಮುಚ್ಚಿತ್ತು.

ಆಗ ಅವಳು ಬಾಗಿಲು ನೂಕಿದಳು. ಅವನು ಮೆಟ್ಟಿಲಿಂದ ಹಿಂದಕ್ಕೆ ಜಿಗಿದು ನಿಂತ. ಬಿಳಿಯ ಎಳೆಯೊಂದು ಹಾರಿ ಅವನ ಕೋಟಿಗೆ ಅಂಟಿತು.

"ಒಳಗಿದ್ರಾ?" ಎಂದ.

"ಒಳಗೇ ಇರ್ತೀವಪ್ಪ, ಯಾವಾಗ್ಲೂ. ಬಾ, ನೋಡು."

ಆಗಲೇ ಬರೆದಾಯಿತು, ಬರೆದದ್ದನ್ನು ಹೊಡೆದುಹಾಕುವ ಅಧಿಕಾರ ತನಗಿಲ್ಲ, ಹಳೆಯ ಮೂರರ ಜೊತೆ ಇದನ್ನೂ ಕಟ್ಟಿಬಿಡಿ ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ.

"ಕಟ್ಟಲ್ಲ" ಎಂದಳು ಅರಳಕ್ಕ. "ಹೋಗಿ ಹೇಳು. ಹಳೇದೂ ಕಟ್ಟಲ್ಲ, ಇದೂ ಕಟ್ಟಲ್ಲ."

ಬಗ್ಗಿ ಚೀಟಿ ಎತ್ತಿಕೊಂಡು ಹೊಸ್ತಿಲಾಚೆಯ ಗಡಿಗೆಗೆ, ಬೆಂಕಿಪೊಟ್ಟಣಗಳ ಜೊತೆಗೆ, ಹಾಕಿದಳು. ಬಾಗಿಲನ್ನು ಒಳಕ್ಕೆ ಎಳೆದುಕೊಂಡಳು. ದಿನ ತುಂಬುತ್ತಿದ್ದ ಸೊಸೆ ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಇಬ್ಬರೂ ಅರ್ಧಕ್ಕೆ ನಿಂತ ಅಂಚನ್ನು ಎರಡು ಕಡೆಯಿಂದ ಹೊಲಿಯತೊಡಗಿದರು.