ಸವೆಯದ ಸೊಂಟ

ನಮ್ಮ ಯಜಮಾನರು ಟೈಲರ್. ಮೈದುನ ಬಸ್ ಕಂಡಕ್ಟರ್. ಅಣ್ಣತಮ್ಮಂದಿರಿಬ್ಬರಿಗೂ ಒಂದೇ ವಾರದಲ್ಲಿ ಸೊಂಟದ ಕೀಲು ಬದಲಾಯಿಸಿದ್ದರು. ಲೋಹದ ಗುಂಡು, ಅದು ಕೂರಲು ಪ್ಲಾಸ್ಟಿಕ್ ಬಟ್ಟಲು. ನಡೆದಂತೆಲ್ಲ ಬಟ್ಟಲು ಸವೆದು ಗುಂಡು ಒಳಗೆ ಹೂತುಕೊಳ್ಳುತ್ತದಂತೆ. ವರ್ಷಕ್ಕೊಮ್ಮೆ ನಿಲ್ಲಿಸಿ ಎಕ್ಸ್-ರೇ ತೆಗೆದು, ಹಳೆಯದರ ಪಕ್ಕ ಇಟ್ಟು, ಎಷ್ಟು ಹೂತಿದೆ ಎಂದು ಡಾಕ್ಟರು ಅಳೆಯುತ್ತಿದ್ದರು.

ಮೊದಲ ಸಲವೇ ಡಾಕ್ಟರು ಯಜಮಾನರ ಬೆನ್ನು ತಟ್ಟಿದರು. "ತಮ್ಮನದು ಸವೆದಿದೆ, ನಿಮ್ಮದು ಕೂದಲೆಳೆಯಷ್ಟೂ ಇಲ್ಲ."

ಬುದ್ಧಿ ಬಂದಾಗಿನಿಂದ ತಮ್ಮನ ಎದುರು ಸೋತೇ ಬಂದವರಿಗೆ ಈ ಗೆಲುವಿನಿಂದ ತಲೆ ತಿರುಗಿತು. ಮೊದಲು ಹೊಲಿಗೆ ಮಷೀನು ತುಳಿಯುವುದನ್ನು ಬಿಟ್ಟರು. ಆಮೇಲೆ ಬೀದಿ ಬಿಟ್ಟರು, ಕೊನೆಗೆ ಅಂಗಳವನ್ನೂ. ಕೂತಲ್ಲಿಂದಲೇ ಹುಕುಂ. ಹೊಲಿಗೆಯೂ ನನ್ನ ತಲೆಗೇ ಬಂತು.

"ಸ್ವಲ್ಪ ಓಡಾಡ್ರೀ, ಕಾಲು ಬತ್ತಿಹೋಗುತ್ತೆ."

"ನಿಂಗೇನೇ ಗೊತ್ತು? ಹೆಜ್ಜೆ ಇಟ್ಟಷ್ಟೂ ಸವೆಯುತ್ತೆ. ಅವನ್ನ ನೋಡು, ಬಸ್ಸಲ್ಲಿ ಕುಣಿದೂ ಕುಣಿದೂ ತೂತು ಮಾಡ್ಕೋತಾನೆ."

ಪ್ರತಿ ವರ್ಷ ಅವರೇ ಗೆದ್ದರು. ಡಾಕ್ಟರ ಕಣ್ಣು ಫಿಲ್ಮಿನ ಮೇಲಿರುತ್ತಿತ್ತು, ಕೋಲಿನಂತಾಗಿದ್ದ ಕಾಲಿನ ಮೇಲಲ್ಲ. ನನಗೆ ಡಾಕ್ಟರನ್ನೂ ಇವರನ್ನೂ ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಮೈದುನನ ಬಟ್ಟಲು ಪೂರ್ತಿ ಸವೆದು ಹೊಸದು ಹಾಕಿದರು. ಕೆಲವೇ ತಿಂಗಳಲ್ಲಿ ಮತ್ತೆ ಬಸ್ಸು ಹತ್ತಿದ. ಯಜಮಾನರು ಮಾತ್ರ ತಮ್ಮನದು ಸವೆದೇಹೋಯಿತೆಂದು ಮಗುವಿನಂತೆ ಚಪ್ಪಾಳೆ ತಟ್ಟಿದರು.

ಈ ಸಲ ಎಕ್ಸ್-ರೇ ಕೋಣೆಯಲ್ಲಿ ಡಾಕ್ಟರು "ಎದ್ದು ನಿಂತ್ಕೊಳ್ಳಿ" ಎಂದರು. ಯಜಮಾನರು ಕುರ್ಚಿಯ ಕೈ ಹಿಡಿದು ಎದ್ದರು, ತೊಡೆ ಗಡಗಡ ನಡುಗಿ ಕುಸಿದರು. ಮತ್ತೆ ಎದ್ದರು, ಮತ್ತೆ ಬಿದ್ದರು.

ಡಾಕ್ಟರು ಬಗ್ಗಿಯೂ ನೋಡಲಿಲ್ಲ. "ಕೀಲು ಇನ್ನೂ ಮೂವತ್ತು ವರ್ಷ ಬಾಳುತ್ತೆ. ಆದ್ರೆ ನಿಲ್ಲೋಕಾಗದವರನ್ನ ನಾವು ಅಳೆಯಲ್ಲ. ಇನ್ಮೇಲೆ ಬರೋದು ಬೇಡ."

ನಾವು ಹತ್ತಿ ಬಂದಿದ್ದ ಲಿಫ್ಟು ಅಷ್ಟರಲ್ಲಿ ಕೆಟ್ಟಿತ್ತು. ತನ್ನ ಎಕ್ಸ್-ರೇಗೆಂದು ಜೊತೆಗೇ ಬಂದಿದ್ದ ಮೈದುನ ಬಗ್ಗಿ ಅಣ್ಣನನ್ನು ಬೆನ್ನ ಮೇಲೆ ಹೊತ್ತುಕೊಂಡ. ಒಂದೊಂದು ಮೆಟ್ಟಿಲಿಗೂ ಅವನಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನನಗೆ ಅಳು ಬಂತು.

ಅರ್ಧ ಇಳಿದಿರಬೇಕು, ಯಜಮಾನರು ನನ್ನತ್ತ ತಿರುಗಿ ನಕ್ಕರು.

"ನೋಡ್ತಿರು, ಇಷ್ಟು ಭಾರ ಹೊತ್ರೆ ಇವನ ಹೊಸದೂ ಸವೆದುಹೋಗುತ್ತೆ."

ಮೈದುನ ನಿಂತುಬಿಟ್ಟ. ನನ್ನ ಮುಖ ನೋಡಿದ.

"ಇಳಿಸಪ್ಪಾ," ಎಂದೆ. "ಇಲ್ಲೇ ಇಳಿಸು."

ಅವನು ಇಳಿಸಿದ. ನಾವಿಬ್ಬರೂ ಉಳಿದ ಮೆಟ್ಟಿಲು ಇಳಿದು ಹೋದೆವು.