ಕುಂಟೆಳೆ

ಗಂಡ ತೀರಿಕೊಂಡು ವರ್ಷ ತುಂಬಿದ ದಿನ ಬೆಳಿಗ್ಗೆ, ಮೇಜಿನ ಮೇಲಿದ್ದ ಚೀಸಿನ ಬಿಲ್ಲೆಯನ್ನು ಒರೆಸಲು ಕೈಗೆತ್ತಿಕೊಂಡ ಕಸಿಲ್ದಾಳ ಹೆಬ್ಬೆರಳು ಅದರ ಪಕ್ಕೆಯ ಮೇಲೆ ಒಂದು ಕಡೆ ನಿಂತುಹೋಯಿತು.

ವರ್ಷದ ಪೂಜೆ ಮುಗಿದ ಮೇಲೆ ಪಾದ್ರಿಗಳು ಊಟಕ್ಕೆ ಬರುವವರಿದ್ದರು. ಅದಕ್ಕೇ ಅವಳು ಬೇಗ ಎದ್ದು ಚೀಸನ್ನು ನೆಲಮಾಳಿಗೆಯಿಂದ ಮೇಲೆ ತಂದಿದ್ದಳು. ತಣ್ಣಗಿರೋ ಚೀಸು ಮೂಗ, ಒಂದಿಷ್ಟು ಬೆಚ್ಚಗಾದ ಮೇಲೇ ಅದು ಬಾಯಿ ಬಿಡೋದು ಎಂದು ಗಂಡ ಬೌದಿಲಿಯೊ ಹೇಳುತ್ತಿದ್ದ. ಬಿಲ್ಲೆ ಆಗಲೇ ಸಣ್ಣಗೆ ಬೆವರಿ, ಸಿಪ್ಪೆಯ ಮೇಲೆ ಎಣ್ಣೆಯ ಹನಿ ಕೂತಿತ್ತು. ಅವಳು ಬಟ್ಟೆ ಕೆಳಗಿಟ್ಟು, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮತ್ತೆ ಅದೇ ಜಾಗದ ಮೇಲೆ ಆಡಿಸಿದಳು. ಬೆರಳು ಸುಳ್ಳು ಹೇಳಿರಲಿಲ್ಲ.

ಆ ಸೀಮೆಯಲ್ಲಿ ಕುರಿಹಾಲನ್ನು ಒಡೆಸಿ, ಹೆಣೆದ ಹುಲ್ಲಿನ ಪಟ್ಟಿಯೊಳಗೆ ಬಿಗಿದು, ಹಲಗೆಯಡಿ ಒತ್ತಿ ಚೀಸ್ ಮಾಡುತ್ತಿದ್ದರು. ಪಟ್ಟಿಯ ಹೆಣಿಗೆ ಚೀಸಿನ ಪಕ್ಕೆಯ ಮೇಲೆ ಗೋಧಿ ತೆನೆಯ ಹಾಗೆ ಅಚ್ಚೊತ್ತುತ್ತಿತ್ತು. ಅವಳು ಕಂಡ ಎಲ್ಲರ ಮನೆಯ ತೆನೆಯೂ ಒಂದೇ. ಬೌದಿಲಿಯೊ ಹೆಣೆದ ಪಟ್ಟಿಯಲ್ಲಿ ಮಾತ್ರ, ಒಂದರ ಮೇಲೆ ಹಾಯಬೇಕಾದ ಎಳೆ ಒಂದು ಕಡೆ ಎರಡರ ಮೇಲೆ ಹಾಯ್ದು, ನಡೆಯುವವನು ಕಲ್ಲು ಎಡವಿದ ಹಾಗೆ ಒಮ್ಮೆ ಎಡವಿ ಮುಂದೆ ಹೋಗುತ್ತಿತ್ತು. ಮನೆಯಲ್ಲಿ ಅದನ್ನು ಕುಂಟೆಳೆ ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ಕಸಿಲ್ದಾ, "ಅದೊಂದು ತಪ್ಪು ತಿದ್ದಿಕೊಳ್ಳಬಾರದಾ?" ಎಂದು ಕೇಳಿದ್ದಳು. "ಅದು ಹಂಗೇ ಇರಬೇಕು," ಎಂದಷ್ಟೇ ಹೇಳಿ ಅವನು ಹೊರಗೆ ಹೋಗಿದ್ದ. ಗಂಡಸಿನ ಹಟ ಎಂದುಕೊಂಡು ಅವಳು ಸುಮ್ಮನಾಗಿದ್ದಳು. ವರ್ಷಗಳು ಕಳೆದಂತೆ ಆ ಹಟವೇ ಅವಳಿಗೆ ಅವನ ಸಹಿಯಾಗಿತ್ತು.

ಅವನು ಹೋದ ಮೇಲೆ ಮಂದೆ ಮಾರಿದ ದಿನ, ಆ ಪಟ್ಟಿಗಳು ಬೇರೆಯವರ ಕೈಗೆ ಸಿಗಬಾರದೆಂದು ಅವಳು ಎಲ್ಲವನ್ನೂ ಒಲೆಗೆ ಹಾಕಿದ್ದಳು. ಒಂದು ಪಟ್ಟಿ ಮಾತ್ರ ಅದಕ್ಕೆ ಮೊದಲೇ ಮಣ್ಣು ಸೇರಿತ್ತು. ಶವಪೆಟ್ಟಿಗೆ ಮುಚ್ಚುವ ಮುಂಚೆ, ಎಲ್ಲರನ್ನೂ ಹೊರಗೆ ಕಳಿಸಿ, ಆ ಒಂದನ್ನು ಅವನ ಎರಡು ಕೈಗಳಿಗೆ ಸುತ್ತಿ, ಮೇಲೆ ಜಪಸರ ಹಾಕಿದ್ದಳು. ಆಗ ಕೋಣೆಯಲ್ಲಿದ್ದವಳು ಮಗಳು ರೆಮೇದಿಯೋಸ್ ಒಬ್ಬಳೇ.

ಈ ಬಿಲ್ಲೆಯ ಸಿಪ್ಪೆ ಇನ್ನೂ ಎಳೆಯ ಹಳದಿ. ಅವನು ಸತ್ತ ಎಷ್ಟೋ ತಿಂಗಳ ಮೇಲೆ ಮಾಡಿದ ಚೀಸು. ಸುಡದೆ ಉಳಿದಿದ್ದು ಮಣ್ಣಿಗೆ ಹೋದ ಆ ಒಂದು ಪಟ್ಟಿ ಮಾತ್ರ. ಅವಳು ಮಗಳ ಕಡೆ ತಿರುಗಿದಳು.

"ಇದನ್ನ ಎಲ್ಲಿಂದ ತಂದೆ?"

ರೆಮೇದಿಯೋಸ್ ಕಿಟಕಿಯ ಬಳಿ ಕೂತು ಕಡಲೆಯಲ್ಲಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಸಂತೆಯಿಂದ."

"ಸಂತೆಯಲ್ಲಿ ಯಾರ ಹತ್ತಿರ?"

"ಚೀಸು ಅಂದ್ರೆ ಚೀಸು ಅಮ್ಮ. ಪಾದ್ರಿಗಳು ಬಾಯಿಗೆ ಹಾಕ್ಕೊಳ್ಳೋಕೆ ಮುಂಚೆ ಅದರ ಕುಲಗೋತ್ರ ಕೇಳ್ತಾರಾ?"

"ಇಲ್ಲಿ ಬಾ. ಇಲ್ಲಿ ಬೆರಳಿಡು."

ಮಗಳು ಬಂದು ಬೆರಳಿಟ್ಟಳು. "ಇದು ಅಪ್ಪಂದು," ಎಂದಳು ಮೆಲ್ಲಗೆ.

"ಅವತ್ತು ಪೆಟ್ಟಿಗೆ ಮುಚ್ಚೋ ಮುಂಚೆ ನಾನು ಮೇಣದಬತ್ತಿ ತರೋಕೆ ಹೋಗಿದ್ದೆ. ಕೋಣೆಯಲ್ಲಿ ನೀನೊಬ್ಬಳೇ ಇದ್ದೆ."

ರೆಮೇದಿಯೋಸ್ ಬೆರಳು ಹಿಂದೆಗೆದಳು. "ಸತ್ತ ಅಪ್ಪನ ಕೈ ಬಿಡಿಸಿ ನಾನು ತೆಗೆದೆ ಅಂತೀಯಾ?"

"ನಾನು ಅನ್ನೋದಿಲ್ಲ. ಚೀಸು ಅನ್ನುತ್ತೆ."

"ಹಂಗಾದ್ರೆ ಚೀಸನ್ನೇ ಕೇಳು. ಸಂತೆದಲ್ಲ ಅದು. ಫರ್ಮೀನ್ ಚಿಕ್ಕಪ್ಪ ನಿನ್ನೆ ಹಿತ್ತಲ ಬಾಗಿಲಲ್ಲಿ ಇಟ್ಟು ಹೋದ. ಅಣ್ಣನ ಪೂಜೆಗೆ ಅಂದ. ನಿನಗೆ ಹೇಳಿದ್ರೆ ಕುರಿನಾಯಿಗೆ ಹಾಕಿಬಿಡ್ತೀಯ ಅಂತ ಹೇಳಲಿಲ್ಲ. ಅಷ್ಟೇ ನನ್ನ ಕಳ್ಳತನ."

ಫರ್ಮೀನ್ ಬೌದಿಲಿಯೊನ ತಮ್ಮ. ತಂದೆಯ ಮಂದೆ ಪಾಲಾದ ದಿನ ಅಣ್ಣತಮ್ಮಂದಿರು ಜಗಳವಾಡಿ ಮಾತು ಬಿಟ್ಟವರು ಮತ್ತೆ ಆಡಲೇ ಇಲ್ಲ. "ಅವನ ಚೀಸು ಈ ಮೇಜಿಗೆ ಬರಕೂಡದು," ಎಂದು ಬೌದಿಲಿಯೊ ಅಂದೇ ಹೇಳಿದ್ದ. ಕಸಿಲ್ದಾ ಸಂತೆಯಲ್ಲಿ ಮೈದುನನ ಅಂಗಡಿ ಬಂದಾಗ ಮುಖ ಆಚೆ ತಿರುಗಿಸಿಯೇ ನಡೆದು ಮುದುಕಿಯಾಗಿದ್ದಳು.

ಅವಳು ಕಪ್ಪು ಶಾಲು ಹೊದ್ದು, ಬಿಲ್ಲೆಯನ್ನು ಅದರೊಳಗೆ ಅವುಚಿಕೊಂಡು ಹೊರಟಳು. ದಾರಿಯಲ್ಲೇ ಸ್ಮಶಾನ. ಗಂಡನ ಗೋರಿಯ ಮುಂದೆ ನಿಂತಳು. ಅವಳು ನೆಟ್ಟ ಪರಿಮಳದ ಥೈಮ್ ಗಿಡಗಳು ಬೇರು ಬಿಟ್ಟು ಹಬ್ಬಿ, ನೆಲವನ್ನು ಹೊಲಿದ ಹಾಗೆ ಮುಚ್ಚಿದ್ದವು. ಯಾರೂ ಅಗೆದಿರಲಿಲ್ಲ. ಹಾಗಾದರೆ ಮಣ್ಣಿಗೆ ಹೋಗುವ ಮುಂಚೆಯೇ ಕೈ ಖಾಲಿಯಾಗಿರಬೇಕು. ಹಾಗಾದರೆ ಮಗಳೇ. ಒಂದು ವರ್ಷ ತನ್ನ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡಿದ ಮಗಳೇ. ಆ ಯೋಚನೆಯಲ್ಲೇ ಅವಳು ಗೋರಿಯ ಮುಂದೆ ಶಿಲುಬೆಯ ಗುರುತು ಹಾಕಿಕೊಳ್ಳುವುದನ್ನು ಮರೆತು ನಡೆದುಬಿಟ್ಟಳು.

ಫರ್ಮೀನನ ಚೀಸಿನ ಮನೆ ಊರ ಕಣದ ಆಚೆ. ಅವನು ಅಂಗಿಯ ತೋಳು ಮಡಿಸಿ ಹಲಗೆಯ ಮೇಲೆ ಕಲ್ಲು ಹೇರುತ್ತಿದ್ದ. ಬಾಗಿಲಲ್ಲಿ ನೆರಳು ಕಂಡು ತಿರುಗಿದ.

"ಯಾರು ಸತ್ರು ಅತ್ತಿಗೆ, ಈ ಬಾಗಿಲು ನೆನಪಾಯ್ತು?" ಎಂದವನು ಇಂದು ಯಾವ ದಿನವೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತು. ಒಳಗೆ ಬನ್ನಿ."

"ನನ್ನ ಗಂಡನ ಪಟ್ಟಿ ಕೊಡು."

"ಯಾವ ಪಟ್ಟಿ?"

ಅವಳು ಒಳಗೆ ಬಂದು ಬಿಲ್ಲೆಯನ್ನು ಮುಂದೆ ಹಿಡಿದು ಕುಂಟೆಳೆಯ ಮೇಲೆ ಬೆರಳಿಟ್ಟಳು. "ಇದನ್ನ ಒತ್ತಿದ್ದು. ನನ್ನ ಮಗಳು ಕೊಟ್ಟಿದ್ದು. ಅದು ಎಲ್ಲಿತ್ತು ಅಂತ ನಿನಗೆ ಗೊತ್ತಿಲ್ಲದಿರಬಹುದು. ನನಗೆ ಗೊತ್ತು."

ಫರ್ಮೀನ್ ಅವಳನ್ನೂ ಬಿಲ್ಲೆಯನ್ನೂ ನೋಡಿದ. ಆಮೇಲೆ ಅವಳ ಹಿಂದಿನ ಗೋಡೆಯತ್ತ ಗದ್ದ ಎತ್ತಿ ತೋರಿಸಿದ.

ಅವಳು ತಿರುಗಿದಳು. ಗೋಡೆಯುದ್ದಕ್ಕೂ ಮೊಳೆಗಳಿಗೆ ಪಟ್ಟಿಗಳು ತೂಗುತ್ತಿದ್ದವು. ತೊಳೆದು ಒಣಗಿಸಿದವು, ಹೊಸ ಹುಲ್ಲಿನ ಹಸಿರು ಆರದವು, ಹಳತಾಗಿ ಕಪ್ಪಾದವು. ಪ್ರತಿಯೊಂದರಲ್ಲೂ, ಒಂದೇ ಜಾಗದಲ್ಲಿ, ತೆನೆ ಎಡವಿತ್ತು. ಗೋಡೆಯ ತುಂಬ ಬೌದಿಲಿಯೊ ಕುಂಟುತ್ತಾ ನಡೆದುಹೋದ ಹಾಗಿತ್ತು.

ಫರ್ಮೀನ್ ಮೂರುಕಾಲಿನ ಮಣೆ ಸರಿಸಿದ. ಅವಳು ಕೂತಳು.

"ಇದು ಅಣ್ಣಂದೂ ಅಲ್ಲ, ನಂದೂ ಅಲ್ಲ ಅತ್ತಿಗೆ," ಎಂದ. "ಅಮ್ಮಂದು. ನೀವು ಅವಳನ್ನ ನೋಡಿಲ್ಲ. ಹುಲ್ಲು ಕೊಯ್ಯೋವಾಗ ಕುಡುಗೋಲು ತಾಗಿ ಅವಳ ಉಂಗುರದ ಬೆರಳು ಸೆಟೆದುಹೋಗಿತ್ತು. ಪಟ್ಟಿ ಹೆಣೀತಾ ಸುತ್ತು ತಿರುಗಿಸೋವಾಗ ಆ ಬೆರಳು ಬಗ್ಗದೆ ಒಂದು ಎಳೆ ಜಾರೋದು. ಅಣ್ಣ ಅವಳ ಬಲಕ್ಕೆ, ನಾನು ಎಡಕ್ಕೆ ಕೂತು ಕಲಿತಿದ್ದು. ಅದು ತಪ್ಪು ಅಂತ ಹುಡುಗರಿಗೇನು ಗೊತ್ತು? ಹೆಣಿಗೆ ಅಂದ್ರೆ ಹಂಗೇ ಅಂದ್ಕೊಂಡ್ವಿ. ಸಂತೆಯವರು ನಕ್ಕಾಗ ಗೊತ್ತಾಯ್ತು. ಆಗ ಅಮ್ಮ ಇರಲಿಲ್ಲ."

"ತಿದ್ದಿಕೋಬಹುದಿತ್ತು."

"ಅಣ್ಣ ತಿದ್ದಿಕೊಂಡನಾ?"

ಅವಳು ಮತ್ತೆ ಗೋಡೆಯ ಕಡೆ ನೋಡಿದಳು. ಒಂದು ಮಾತನ್ನೂ ಆಡದೆ ಎರಡು ಮನೆಯಲ್ಲಿ ಅಣ್ಣತಮ್ಮ ಇಬ್ಬರೂ ಇಷ್ಟು ವರ್ಷ ಒಂದೇ ತಪ್ಪನ್ನು ಕಾಪಾಡಿಕೊಂಡು ಬಂದಿದ್ದರು. ಅವಳಿಗೆ ಬೌದಿಲಿಯೊ ಹೇಳಿರಲಿಲ್ಲ. ಹೇಳಿದ್ದರೆ ತಮ್ಮನ ಹೆಸರೆತ್ತಬೇಕಾಗುತ್ತಿತ್ತು.

"ಅವನ ಪಟ್ಟಿ ಅವನ ಕೈಗೇ ಸುತ್ತಿದೀನಿ," ಎಂದಳು ಕಸಿಲ್ದಾ. "ಪೆಟ್ಟಿಗೆಯಲ್ಲಿ. ಜಪಸರದ ಕೆಳಗೆ."

ಫರ್ಮೀನನ ಕೈ ಕಲ್ಲಿನ ಮೇಲೆಯೇ ನಿಂತಿತು. ಅವನು ಮುಖ ಒರೆಸಿಕೊಂಡ. ಕೈಗೆ ಹತ್ತಿದ್ದ ಚೀಸಿನ ಉಪ್ಪು ಕಣ್ಣಿಗೆ ಹೋಯಿತು.

"ಉಳಿದವು?"

"ಸುಟ್ಟೆ. ಬೇರೆಯವರ ಕೈಗೆ ಸಿಗದಿರಲಿ ಅಂತ."

"ಬೇರೆಯವರು," ಎಂದ ಫರ್ಮೀನ್. ಅಷ್ಟೇ.

ಅವಳು ಎದ್ದಳು. "ಗಂಟೆ ಹೊಡೆದರೆ ಪೂಜೆ. ಆಮೇಲೆ ಊಟ. ಕೈ ತೊಳಕೊಂಡು ಬಾ."

"ಅಣ್ಣ ಬೇಡ ಅಂದಿದ್ದ."

"ಚೀಸು ಬೇಡ ಅಂದಿದ್ದ. ನಿನ್ನನ್ನ ಬೇಡ ಅಂದಿದ್ದು ನಾನು ಕೇಳಿಲ್ಲ."

ಹಿಂದಿರುಗುವಾಗ ಗೋರಿಯ ಮುಂದೆ ಶಿಲುಬೆಯ ಗುರುತು ಹಾಕಿಕೊಂಡಳು. ಬೆಳಿಗ್ಗೆ ಮಗಳಿಗೆ ಆಡಿದ ಮಾತು ಈಗ ಅವಳ ಹಿಂದೆಯೇ ನಡೆದು ಬರುತ್ತಿತ್ತು.

ಊಟದ ಹೊತ್ತಿಗೆ ಮೇಜಿನ ಒಂದು ತುದಿಯಲ್ಲಿ ಪಾದ್ರಿ ದೋನ್ ಅನ್ಸೆಲ್ಮೊ, ಇನ್ನೊಂದು ತುದಿಯಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡ ಫರ್ಮೀನ್. ನಡುವೆ ಬ್ರೆಡ್ಡು, ವೈನು, ಚೀಸಿನ ಬಿಲ್ಲೆ. ಆ ಮನೆಯಲ್ಲಿ ಚೀಸು ಕೊಯ್ಯುವ ಕತ್ತಿ ಯಜಮಾನನದು. ಅವನು ಹೋದ ಮೇಲೆ ಅದನ್ನು ಕಸಿಲ್ದಾ ಯಾರಿಗೂ ಕೊಟ್ಟಿರಲಿಲ್ಲ. ಈಗ ಅದರ ಹಿಡಿಯನ್ನು ಮಗಳ ಕಡೆ ತಿರುಗಿಸಿ ಮುಂದೆ ಚಾಚಿದಳು.

"ನೀನು ಕೊಯ್ಯಿ."

ರೆಮೇದಿಯೋಸ್ ಕೈ ನೀಡಲಿಲ್ಲ.

"ಬೆಳಿಗ್ಗೆ ನಾನು ಅಂದಿದ್ದು..." ಎಂದು ಕಸಿಲ್ದಾ ಶುರು ಮಾಡಿದಳು.

"ನೀನು ಎಲ್ಲಿ ಅಂದೆ? ಚೀಸು ಅಂದಿದ್ದಲ್ವಾ?" ಎಂದಳು ಮಗಳು. ಸ್ವಲ್ಪ ಹೊತ್ತು ತಾಯಿಯ ಕೈ ಹಾಗೇ ಚಾಚಿರಲು ಬಿಟ್ಟು, ಆಮೇಲೆ ಕತ್ತಿ ತೆಗೆದುಕೊಂಡಳು.

ಬಿಲ್ಲೆಯನ್ನು ನಡುವೆ ಸೀಳಿ, ಮೇಲಿನ ಕೆಳಗಿನ ಸಿಪ್ಪೆ ಬಿಡಿಸಿ, ಪಕ್ಕೆಯ ಸಿಪ್ಪೆ ಮಾತ್ರ ಉಳಿಸಿ, ತೆಳ್ಳಗೆ ಮೂರುಮೂಲೆಯ ಹೋಳುಗಳನ್ನು ಕೊಯ್ದಳು. ಕುಂಟೆಳೆಯ ಹತ್ತಿರ ಬಂದಾಗ ಕತ್ತಿಯನ್ನು ದೂರ ಸರಿಸಿ, ಆ ಹೋಳನ್ನು ದಪ್ಪಗೆ ಕೊಯ್ದು ಚಿಕ್ಕಪ್ಪನ ತಟ್ಟೆಗೆ ಹಾಕಿದಳು.

"ನನಗ್ಯಾಕೆ ಕಾಗದದ ಹಾಗೆ ಕೊಯ್ದೆ ಮಗಳೆ?" ಎಂದರು ಪಾದ್ರಿಗಳು. "ನಿಮ್ಮಪ್ಪನೂ ಹೀಗೇ ಮಾಡ್ತಿದ್ದ."

ಫರ್ಮೀನ್ ತಿನ್ನಲಿಲ್ಲ. ಹೋಳಿನ ಪಕ್ಕೆಯನ್ನು ಬೆರಳಿಂದ ಸವರುತ್ತಾ ಕೂತಿದ್ದ. "ಅತ್ತಿಗೆ, ನನಗೂ ವಯಸ್ಸಾಯ್ತು," ಎಂದ. "ಇವಳಿಗೆ ಪಟ್ಟಿ ಹೆಣೆಯೋದು ಕಲಿಸಲಾ?"

ಕಸಿಲ್ದಾ ಮಗಳ ಮುಖ ನೋಡಿದಳು. "ಅವಳನ್ನೇ ಕೇಳು."

"ಸರಿಯಾಗಿ ಕಲಿಸ್ತೀಯೋ, ಇಲ್ಲ ಅಜ್ಜಿಯ ಹಾಗೋ?" ಎಂದಳು ರೆಮೇದಿಯೋಸ್. ಆ ಬೆಳಿಗ್ಗೆ ಅಮ್ಮ ಪೂಜೆಗೆ ಹೋಗುವ ದಾರಿಯಲ್ಲಿ ಅವಳಿಗೆ ಅಜ್ಜಿಯ ಸೆಟೆದ ಬೆರಳಿನ ಕತೆ ಹೇಳಿದ್ದಳು. ಅವಳು ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ಅಂಗೈಯನ್ನು ಮೇಜಿನ ಮೇಲೆ ಬಿಡಿಸಿ ಇಟ್ಟಳು.

"ಯಾವ ಕೈ ಬೆರಳು ಚಿಕ್ಕಪ್ಪ, ಎಡದ್ದಾ ಬಲದ್ದಾ?"